ವಿದ್ಯುತ್ ಕಾರ್ಮಿಕರ ಸುರಕ್ಷತೆ: ಅಮೆರಿಕದ ತ್ರಿಪಕ್ಷೀಯ ಪಾಲುದಾರಿಕೆ

ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಕೂಡಿ ನಿರ್ಧಾರ ಕೈಗೊಳ್ಳುವ ಪದ್ಧತಿಯೇ ತ್ರಿಪಕ್ಷೀಯತೆ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ರಚನೆಗೆ ಇದೇ ಆಧಾರ. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರ.

ವಿದ್ಯುತ್ ರಂಗದಲ್ಲಿ ಗಮನಿಸಬೇಕಾದ ಉದಾಹರಣೆ ಅಮೆರಿಕದ್ದು. ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ 'ಓಶಾ' 2004ರಲ್ಲಿ ವಿದ್ಯುತ್ ಲೈನ್ ಕಾಮಗಾರಿಯ ದೊಡ್ಡ ಗುತ್ತಿಗೆ ಕಂಪನಿಗಳು, ಗುತ್ತಿಗೆದಾರರ ಸಂಘ 'ನೆಕಾ', ವಿದ್ಯುತ್ ಕಂಪನಿಗಳ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟ್ ಹಾಗೂ ಕಾರ್ಮಿಕ ಸಂಘ 'ಐಬಿಇಡಬ್ಲ್ಯು' ಜತೆ ಪಾಲುದಾರಿಕೆ ಮಾಡಿಕೊಂಡಿತು. ಅಪಘಾತಗಳ ವಿವರವನ್ನು ಎಲ್ಲರೂ ಸೇರಿ ಪರಿಶೀಲಿಸಿ, ಕಾರಣ ಹುಡುಕಿ, ಉತ್ತಮ ಕಾರ್ಯವಿಧಾನ ರೂಪಿಸುವುದು ಇದರ ಕ್ರಮ. ಕೆಲಸಕ್ಕೆ ಮುನ್ನ ಅಪಾಯಗಳ ಚರ್ಚೆ, ರಬ್ಬರ್ ಕೈಗವಸುಗಳ ಕಡ್ಡಾಯ ಬಳಕೆ, ಕಾರ್ಮಿಕರಿಗೆ 10 ಗಂಟೆ ಮತ್ತು ಮೇಲ್ವಿಚಾರಕರಿಗೆ 20 ಗಂಟೆಗಳ ತರಬೇತಿ ಹೀಗೆ ಬಂದವು. ಕಂಬ ಹತ್ತುವವರ ಅನುಭವಕ್ಕೆ ನಿಯಮ ರೂಪಿಸುವಲ್ಲಿ ಸ್ಥಾನ ಸಿಕ್ಕಿದ್ದೇ ಇದರ ನಿಜವಾದ ಬಲ.

ಐಬಿಇಡಬ್ಲ್ಯುಗೆ ಸುರಕ್ಷತೆಯ ಪ್ರಶ್ನೆ ಹೊಸದಲ್ಲ. ಅದು 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ 1896ರಲ್ಲಿ ಲೈನ್ ಕೆಲಸದ ವೇಳೆ ವಿದ್ಯುತ್ ಆಘಾತಕ್ಕೊಳಗಾಗಿ, ಕಂಬದಿಂದ ಬಿದ್ದು ಮೃತಪಟ್ಟರು.

ಪಾಲುದಾರಿಕೆಯ ಜತೆಗೆ ಕಡ್ಡಾಯ ನಿಯಮವೂ ಇದೆ: 2014ರ ಪರಿಷ್ಕೃತ ಓಶಾ ನಿಯಮದಂತೆ ವಿದ್ಯುತ್ ಕಂಪನಿ ಮತ್ತು ಗುತ್ತಿಗೆದಾರರು ಅಪಾಯದ ಮಾಹಿತಿಯನ್ನು ಪರಸ್ಪರ ತಿಳಿಸುವುದು ಕಡ್ಡಾಯ.