ಸರ್ವರ್ ಬಾಗಿಲು ಬಡಿಯುತ್ತಿರುವವರು ಯಾರು?

ಫಲಿತಾಂಶದ ದಿನ ಕಾಲೇಜಿನ ವೆಬ್‌ಸೈಟ್ ತೆವಳತೊಡಗಿದರೆ, ನೋಡಿಕೊಳ್ಳುವವರ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಕಡೆಗೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಬಂದಿರುವವರು ವಿದ್ಯಾರ್ಥಿಗಳೋ, ಒಂದೇ ಕಡೆಯಿಂದ ಮುಗಿಬಿದ್ದ ಬಾಟೋ ಎಂಬುದು ಮೊದಲು ಗೊತ್ತಾಗಬೇಕು. ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಉಬುಂಟು ಸರ್ವರಿನ ಟರ್ಮಿನಲ್ ಸಾಕು.

ಹಂತ 1: ಲಾಗ್ ಹುಡುಕಿ
ಬಂದ ಪ್ರತಿ ಕೋರಿಕೆಯನ್ನೂ ಸರ್ವರ್ ಒಂದೊಂದು ಸಾಲಾಗಿ ಆಕ್ಸೆಸ್ ಲಾಗ್‌ನಲ್ಲಿ ಬರೆದಿಡುತ್ತದೆ. ‘ವಾರ್’ ಒಳಗಿನ ‘ಲಾಗ್’ ಫೋಲ್ಡರಿಗೆ ಹೋಗಿ. ಎಂಜಿನ್‌ಎಕ್ಸ್ ಆದರೆ ಅದೇ ಹೆಸರಿನ, ಅಪಾಚೆ ಆದರೆ ‘ಅಪಾಚೆ2’ ಎಂಬ ಫೋಲ್ಡರಿನಲ್ಲಿ ಈ ಕಡತ ಸಿಗುತ್ತದೆ. ಅನುಮತಿ ಇಲ್ಲವೆಂದರೆ ಕಮಾಂಡಿನ ಮುಂದೆ ‘ಸುಡೊ’ ಸೇರಿಸಿ.

ಹಂತ 2: ಹರಿವು ನೋಡಿ
‘ಟೇಲ್’ ಎಂದು ಬರೆದು, ಹೈಫನ್ ಜೊತೆ ಕ್ಯಾಪಿಟಲ್ ಎಫ್ ಹಾಕಿ, ಕಡತದ ಹೆಸರು ಕೊಡಿ. ಹೊಸ ಸಾಲುಗಳು ಬಂದಂತೆಲ್ಲ ಪರದೆಯ ಮೇಲೆ ಮೂಡುತ್ತವೆ. ಸಣ್ಣ ಎಫ್ ಹಾಕಿದರೂ ನಡೆಯುತ್ತದೆ, ಆದರೆ ಹಳೆಯ ಲಾಗ್ ಪಕ್ಕಕ್ಕೆ ಸರಿದು ಹೊಸ ಕಡತ ಶುರುವಾದಾಗ ಅದು ಹಳೆಯದನ್ನೇ ಹಿಡಿದು ಕೂರುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.

ಹಂತ 3: ಸಾಲು ಓದಿ
ಸಾಲಿನ ಮೊದಲಿಗೆ 203.0.113.25 ರೀತಿಯ ಐಪಿ ವಿಳಾಸ, ಆಮೇಲೆ ಸಮಯ, ಕೇಳಿದ ಪುಟ, ಮೂರಂಕಿಯ ಸ್ಟೇಟಸ್ ಕೋಡ್, ಕಳಿಸಿದ ಬೈಟ್‌ಗಳು, ಕೊನೆಗೆ ಬ್ರೌಸರಿನ ಗುರುತು. ಕಣ್ಣು ಕೋಡಿನ ಮೇಲಿರಲಿ. 200 ಎಂದರೆ ಸರಿ, 404 ಎಂದರೆ ಪುಟವೇ ಇಲ್ಲ. 500ರಿಂದ ಮೇಲಿನವು ಸಾಲುಗಟ್ಟಿದರೆ ತೊಂದರೆ ನಿಮ್ಮ ಕಡೆಯದು. ನೀವು ಬಳಸದೇ ಇರುವ ವರ್ಡ್‌ಪ್ರೆಸ್‌ನ ಲಾಗಿನ್ ಪುಟವನ್ನು ಯಾರೋ ಪದೇ ಪದೇ ಕೇಳಿ 404 ಪಡೆಯುತ್ತಿದ್ದರೆ, ಅದು ಬಹುತೇಕ ಬೀಗ ಎಳೆದು ನೋಡುವ ಬಾಟ್.

ಹಂತ 4: ಎಣಿಸಿ
‘ಟೇಲ್’ನಿಂದ ಕೊನೆಯ 5000 ಸಾಲು ತೆಗೆದು ‘ಆಕ್’ಗೆ ಪೈಪ್ ಮಾಡಿ, ಮೊದಲ ಕಾಲಂ ಮಾತ್ರ ಉಳಿಸಿಕೊಳ್ಳಿ. ಅದನ್ನು ‘ಸಾರ್ಟ್’ ಮಾಡಿ, ‘ಯುನಿಕ್’ಗೆ ಹೈಫನ್ ಸಿ ಕೊಟ್ಟು ಎಣಿಸಿ, ಮತ್ತೆ ‘ಸಾರ್ಟ್’ಗೆ ಹೈಫನ್ ಎನ್‌ಆರ್ ಕೊಡಿ. ಹೆಚ್ಚು ಸಲ ಬಂದ ಐಪಿ ಮೇಲಕ್ಕೆ ಬರುತ್ತದೆ. ಆದರೆ ಅವಸರದಲ್ಲಿ ಬ್ಲಾಕ್ ಮಾಡಬೇಡಿ: ಒಂದು ಹಾಸ್ಟೆಲ್‌ನ ನೂರು ಹುಡುಗರು ಒಂದೇ ಐಪಿಯಿಂದ ಬರಬಹುದು. ಸರ್ವರ್ ಮುಂದೆ ಪ್ರಾಕ್ಸಿ ಇದ್ದರೆ ಕಾಣುವುದು ಪ್ರಾಕ್ಸಿಯ ವಿಳಾಸವೂ ಆಗಿರಬಹುದು.

ಹಂತ 5: ಒಂದೇ ನೋಟಕ್ಕೆ
ಉಚಿತವಾದ ‘ಗೋಆಕ್ಸೆಸ್’ ಅನ್ನು ‘ಆಪ್ಟ್’ ಮೂಲಕ ಇನ್‌ಸ್ಟಾಲ್ ಮಾಡಿ. ಲಾಗ್ ಕಡತ ಕೊಟ್ಟು ಫಾರ್ಮ್ಯಾಟ್ ‘ಕಂಬೈನ್ಡ್’ ಎಂದು ತಿಳಿಸಿದರೆ ಭೇಟಿಗಳು, ಪುಟಗಳು, ಕೋಡ್‌ಗಳ ಲೆಕ್ಕ ಟರ್ಮಿನಲ್‌ನಲ್ಲೇ ಬದಲಾಗುತ್ತಾ ಕಾಣುತ್ತದೆ. ಹೊರಬರಲು ಕ್ಯೂ ಒತ್ತಿ.

ಇದನ್ನೆಲ್ಲ ಮೊದಲು ಗಲಾಟೆ ಇಲ್ಲದ ಒಂದು ದಿನ ಮಾಡಿ ನೋಡಿ, ಬಂದ ಲೆಕ್ಕವನ್ನು ಬರೆದಿಟ್ಟುಕೊಳ್ಳಿ. ಮಾಮೂಲಿ ದಿನ ಎಷ್ಟು ಜನ ಬರುತ್ತಾರೆಂದು ಗೊತ್ತಿಲ್ಲದವರಿಗೆ ನೂಕುನುಗ್ಗಲು ಯಾವುದೆಂದೂ ಗೊತ್ತಾಗುವುದಿಲ್ಲ.