ವಾರಕ್ಕೊಮ್ಮೆ ಹತ್ತೇ ನಿಮಿಷ

ಶಂಶಾಬಾದಿನಲ್ಲಿ ಬಾಡಿಗೆ ಮನೆ ಮಾಡಿರುವ ನಮ್ಮವರಿಗೆಲ್ಲ ಒಂದು ಪ್ರಶ್ನೆ. ಊರಿಂದ ತಂದ ಸಾಮಾನಿನಲ್ಲಿ ಎಷ್ಟು ಪೆಟ್ಟಿಗೆ ಇನ್ನೂ ಕಟ್ಟಿದ ಹಾಗೇ ಇವೆ? "ಈ ಭಾನುವಾರ ಇಡೀ ಮನೆ ಕ್ಲೀನ್ ಮಾಡಿಬಿಡೋಣ" ಅಂತ ಎಷ್ಟು ಸಲ ಅಂದುಕೊಂಡಿದ್ದೀರಿ? ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ ಇರುವವರಿಗಂತೂ ಭಾನುವಾರ ರಜೆ ಸಿಗುವುದೇ ಅಪರೂಪ.

ಇಡೀ ಮನೆ ಎನ್ನುವುದು ಗುರಿಯಲ್ಲ, ಆಸೆ. ಗುರಿ ಅಂದರೆ ಒಂದು ಜಾಗ, ಒಂದು ಹೊತ್ತು, ಮುಗಿಯಿತು ಅನ್ನಲು ಒಂದು ಗುರುತು ಇರಬೇಕು.

ಇದಕ್ಕೆ ನಾವಿರುವ ರಾಜ್ಯದಲ್ಲೇ ಉದಾಹರಣೆ ಇದೆ. 2020ರ ಮೇ ತಿಂಗಳಲ್ಲಿ ತೆಲಂಗಾಣದ ಆಗಿನ ಪೌರಾಡಳಿತ ಸಚಿವ ಕೆ.ಟಿ. ರಾಮರಾವ್ ಜನರ ಮುಂದಿಟ್ಟ ಕೆಲಸ ಇಷ್ಟೇ: ಪ್ರತಿ ಭಾನುವಾರ ಬೆಳಿಗ್ಗೆ 10 ಗಂಟೆಗೆ, 10 ನಿಮಿಷ, ಮನೆಯಲ್ಲಿ ನಿಂತ ನೀರು ಚೆಲ್ಲುವುದು. ವಾರಕ್ಕೊಮ್ಮೆಯೇ ಯಾಕೆ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರುವಷ್ಟು ಬೆಳೆಯಲು ಈ ಸೆಕೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ಏಳನೇ ದಿನದೊಳಗೆ ನೀರು ಚೆಲ್ಲಿದರೆ ಆ ಮರಿಗಳು ಸೊಳ್ಳೆಯಾಗುವುದೇ ಇಲ್ಲ. ದಸರೆಗೆ ಒಂದು ಸಲ ಸೊಂಟ ಮುರಿಯುವಂತೆ ಮನೆ ತೊಳೆದರೂ ಈ ಕೆಲಸ ಆಗುವುದಿಲ್ಲ.

ಎಲ್ಲೆಲ್ಲಿ ನೋಡಬೇಕು? ನೀರು ತುಂಬಿಟ್ಟ ಡ್ರಮ್, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ, ಕರಿಬೇವಿನ ಕುಂಡದ ಕೆಳಗಿನ ತಟ್ಟೆ, ಬಾಲ್ಕನಿಯಲ್ಲಿ "ಬೇಕಾದೀತು" ಅಂತ ಇಟ್ಟ ಪೇಂಟ್ ಡಬ್ಬಿ, ಹಳೇ ಟೈರು. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಮೊಟ್ಟೆ ಅಂಟಿರುವುದು ನೀರಿನ ಅಂಚಿನಲ್ಲಿ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಬೇಡದ ಡಬ್ಬಿಯನ್ನು ಅವತ್ತೇ ಗುಜರಿಗೆ ಹಾಕಿ. ನನ್ನ ಪ್ರಕಾರ ಬಾಲ್ಕನಿ ಖಾಲಿಯಾದರೆ ಅರ್ಧ ಮನೆ ಓರಣವಾದಂತೆ.

ಇದು ರೂಢಿಯಾದ ಮೇಲೆ, ಒಂದು ತಿಂಗಳು ಬಿಟ್ಟು, ಇನ್ನೊಂದು ಹತ್ತು ನಿಮಿಷ ಸೇರಿಸಿ: ಔಷಧಿ ಡಬ್ಬಿ. ಅವಧಿ ಮುಗಿದ ಮಾತ್ರೆ ತೆಗೆಯಿರಿ. ಡೆಂಗಿ ಅನುಮಾನವಿರುವ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವ ಹೆಚ್ಚಾಗಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವವರಿದ್ದರೆ ಮಂಚದಿಂದ ಬಚ್ಚಲಿನವರೆಗಿನ ದಾರಿಯಷ್ಟು ತೆರವು ಮಾಡಿ. ರಾತ್ರಿ ಎದ್ದವರು ಪೆಟ್ಟಿಗೆ ಎಡವಿ ಬೀಳಬಾರದು. ಅಟ್ಟದ ಮೇಲಿನ ಸೂಟ್‌ಕೇಸು ಸದ್ಯ ಅಲ್ಲೇ ಇರಲಿ. ಪ್ಲಾಸ್ಟಿಕ್ ಕುರ್ಚಿ ಹತ್ತಿ ಅದನ್ನು ಒಬ್ಬರೇ ಇಳಿಸಲು ಹೋಗಬೇಡಿ.

ರಜೆ ಬುಧವಾರವಾದರೆ ಬುಧವಾರವೇ ಮಾಡಿ, ವಾರ ತಪ್ಪದಿದ್ದರೆ ಸಾಕು. ಫೋನಿನಲ್ಲಿ ಅಲಾರಂ ಇಡಿ. ನೀರಿನ ಕೆಲಸ ಮೊದಲು ಮುಗಿಸಿ. ಉಳಿದದ್ದು ಅರ್ಧಕ್ಕೆ ನಿಂತಿದ್ದರೂ ಅಲಾರಂ ಹೊಡೆದಾಗ ಕೈ ತೊಳೆದುಕೊಳ್ಳಿ. ಸುಸ್ತಾಗುವವರೆಗೆ ಮಾಡಿದರೆ ಮುಂದಿನ ವಾರ ಕೈಗೆ ಬ್ರಷ್ ಹಿಡಿಯಲು ಮನಸ್ಸಾಗದು. ಮಕ್ಕಳಿದ್ದರೆ ಕುಂಡದ ತಟ್ಟೆ ನೋಡುವ ಕೆಲಸ ಅವರಿಗೆ ಬಿಡಿ. ನೀರಿನಲ್ಲಿ ಕುಣಿಯುವ ಮರಿಹುಳ ಕಂಡರೆ ಅವರೇ ನಿಮ್ಮನ್ನು ಕೂಗಿ ಕರೆಯುತ್ತಾರೆ.