ಹೋಂಸ್ಟೇ ಹಣ ಬಾರದಿದ್ದರೆ ಮೊದಲು ಲೆಕ್ಕ ಕೇಳಿ

ಸಾಗರ, ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಮಂಡಿಯ ಪಟ್ಟಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಎಷ್ಟು ಮೂಟೆ ಹೋಯಿತು, ಯಾವ ದರಕ್ಕೆ ಹೋಯಿತು, ಕಮಿಷನ್ ಎಷ್ಟು, ಹಮಾಲಿ ಎಷ್ಟು, ಕೈಗೆ ಉಳಿದದ್ದೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಪಟ್ಟಿ ನೋಡದೆ ದುಡ್ಡು ಎಣಿಸಿಕೊಂಡು ಬರುವವರು ಅಪರೂಪ. ಅದೇ ಬೆಳೆಗಾರರು ತೋಟದ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿ ಆ್ಯಪ್‌ಗೆ ಹಾಕಿದ ಮೇಲೆ, ಬ್ಯಾಂಕಿಗೆ ಬಂದಷ್ಟು ಬಂತು ಎಂದು ಸುಮ್ಮನಾಗುತ್ತಾರೆ. ಹಣ ನಿಂತುಹೋದಾಗ ಕಾಲ್ ಸೆಂಟರಿಗೆ ಫೋನ್ ಮಾಡಿ, ದಯವಿಟ್ಟು ಹಾಕಿಸಿಕೊಡಿ ಎಂದು ಬೇಡಿಕೊಳ್ಳುತ್ತಾರೆ. ಬೇಡಿಕೊಳ್ಳುವ ಅಗತ್ಯ ಕಾನೂನಿನಲ್ಲಿಲ್ಲ.

ಅತಿಥಿ ಆ್ಯಪ್‌ನಲ್ಲಿ ಕಟ್ಟಿದ ಬಾಡಿಗೆ, ಸಾಮಾನ್ಯವಾಗಿ, ಬುಕಿಂಗ್ ಕಂಪನಿ ನಿಮ್ಮ ಪರವಾಗಿ ವಸೂಲು ಮಾಡಿದ ಹಣ. ಏರ್‌ಬಿಎನ್‌ಬಿಯಂಥ ಕಂಪನಿ ತನ್ನ ಷರತ್ತುಗಳಲ್ಲೇ ತಾನು ಮಾಲೀಕರ ಪರ ಹಣ ಪಡೆಯುವ ಏಜೆಂಟ್ ಎಂದು ಬರೆದುಕೊಂಡಿದೆ. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಸೆಕ್ಷನ್ ಪ್ರಕಾರ ಏಜೆಂಟ್ ಆದವನು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು. 217ನೇ ಸೆಕ್ಷನ್ ಅವನ ಖರ್ಚು, ಕಮಿಷನ್ ಮುರಿದುಕೊಳ್ಳಲು ಬಿಡುತ್ತದೆ. ಮುರಿದುಕೊಂಡು ಉಳಿದದ್ದನ್ನೆಲ್ಲ ಧಣಿಗೆ ಕೊಡಲೇಬೇಕು ಎನ್ನುವುದು 218. ಇಲ್ಲಿ ಧಣಿ ನೀವು. ಆದ್ದರಿಂದ ನಿಮ್ಮ ಮೊದಲ ಪತ್ರ ಹಣ ಕೇಳುವ ಪತ್ರವಾಗುವ ಬದಲು ಲೆಕ್ಕ ಕೇಳುವ ಪತ್ರವಾಗಲಿ: ಯಾವ ಬುಕಿಂಗಿಗೆ ಅತಿಥಿಯಿಂದ ಎಷ್ಟು ಪಡೆದಿರಿ, ಏನೇನು ಮುರಿದಿರಿ, ಉಳಿದದ್ದನ್ನು ಯಾವ ದಿನ ಯಾವ ಖಾತೆಗೆ ಕಳಿಸಿದಿರಿ? ಹಣ ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸಬಹುದು. ಲೆಕ್ಕ ಕೇಳಿದರೆ ಅಂಕಿ ಕೊಡಬೇಕಾಗುತ್ತದೆ.

ಕೇಳುವ ಮೊದಲು ನಿಮ್ಮ ಕಡೆಯ ಲೆಕ್ಕ ಗೊತ್ತಿರಬೇಕು. ದಿನಕ್ಕೆ 5,000 ರೂಪಾಯಿಯ ಕೋಣೆ, ಎರಡು ರಾತ್ರಿ, ಬಾಡಿಗೆ 10,000 ಎಂದಿಟ್ಟುಕೊಳ್ಳಿ. ಕರಾರಿನಲ್ಲಿ ಕಮಿಷನ್ ಶೇ. 18 ಇದ್ದರೆ 1,800 ಹೋಗುತ್ತದೆ. ಆ ಕಮಿಷನ್ನಿನ ಮೇಲೆ ಶೇ. 18ರ ಜಿಎಸ್‌ಟಿ 324. ಇ-ಕಾಮರ್ಸ್ ಕಂಪನಿಗಳು 1961ರ ಆದಾಯ ತೆರಿಗೆ ಕಾಯ್ದೆಯ 194-ಒ ಸೆಕ್ಷನ್ ಅಡಿ ಮುರಿಯುತ್ತಿದ್ದ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ. 1ರಿಂದ ಶೇ. 0.1ಕ್ಕೆ ಇಳಿದಿದೆ (2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬೇರೆ). ಅಂದರೆ ಇಲ್ಲಿ 10 ರೂಪಾಯಿ. ವ್ಯಕ್ತಿಯ ಹೆಸರಿನಲ್ಲಿ ನಡೆಸುತ್ತಿದ್ದು, ಪ್ಯಾನ್ ಕೊಟ್ಟು, ಆ ಕಂಪನಿಯ ಮೂಲಕ ವರ್ಷದ ವಹಿವಾಟು 5 ಲಕ್ಷ ದಾಟದಿದ್ದರೆ ಅದೂ ಇಲ್ಲ. ಕೈಗೆ ಬರಬೇಕಾದದ್ದು 7,866. ಅತಿಥಿ ಕಟ್ಟುವ ಕೋಣೆ ಜಿಎಸ್‌ಟಿ ಬೇರೆ ಮಾತು. ನೀವು ಜಿಎಸ್‌ಟಿ ನೋಂದಣಿಯ ಮಿತಿಯೊಳಗಿದ್ದರೆ ಅದನ್ನು ಸರ್ಕಾರಕ್ಕೆ ಕಟ್ಟುವ ಹೊಣೆ 9(5)ನೇ ಸೆಕ್ಷನ್ ಪ್ರಕಾರ ಕಂಪನಿಯದ್ದೇ, ನಿಮ್ಮ ಪಾಲಿನಿಂದ ಮುರಿಯುವಂತಿಲ್ಲ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ, ಟಿಡಿಎಸ್ ಶೇ. 5ಕ್ಕೆ ಏರುತ್ತದೆ. "ಕಡಿಮೆ ಬಂತು" ಎನ್ನುವ ಎಷ್ಟೋ ದೂರು ಇಲ್ಲೇ ಬಗೆಹರಿದುಬಿಡುತ್ತದೆ.

ಟಿಡಿಎಸ್ ಮುರಿದಿದ್ದರೆ ಇನ್ನೊಂದು ಉಪಯೋಗವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ 26ಎಎಸ್ ಮತ್ತು ಎಐಎಸ್ ತೆಗೆದು ನೋಡಿ. ಯಾವ ದಿನಾಂಕಕ್ಕೆ ಎಷ್ಟು ಹಣ ನಿಮ್ಮ ಲೆಕ್ಕಕ್ಕೆ ಜಮಾ ಮಾಡಿದ್ದೇವೆಂದು ಕಂಪನಿ ಸರ್ಕಾರಕ್ಕೆ ಹೇಳಿಕೊಂಡಿದೆಯೋ ಅದು ಅಲ್ಲಿರುತ್ತದೆ. ಪಕ್ಕದಲ್ಲಿ ನಿಮ್ಮ ಪಾಸ್‌ಬುಕ್ ಇಟ್ಟುಕೊಳ್ಳಿ. ಬಾಕಿಯೇ ಇಲ್ಲ ಎಂದು ನಿಮಗೆ ಮೇಲ್ ಬರೆಯುವ ಕಂಪನಿ ಅಷ್ಟೇ ಹಣಕ್ಕೆ ತೆರಿಗೆ ಕಟ್ಟಿ ಕೂತಿದ್ದರೆ, ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಿಮಗೆ ಬೇಕಿಲ್ಲ.

ಹಣ ಕಳಿಸಿದ್ದೇವೆ, ನಿಮ್ಮ ಬ್ಯಾಂಕಿನಲ್ಲಿ ನೋಡಿಕೊಳ್ಳಿ ಎಂದರೆ ಯುಟಿಆರ್ ಸಂಖ್ಯೆ ಕೇಳಿ. ಪ್ರತಿ ವರ್ಗಾವಣೆಗೂ ಅಂಥದೊಂದು ಗುರುತು ಇರುತ್ತದೆ. ಅದನ್ನು ಕೊಡಲಾಗದಿದ್ದರೆ ಹಣ ಕಳಿಸಿಲ್ಲ ಎಂದೇ ತಿಳಿಯಬೇಕು. ಕೊಟ್ಟರೆ ಶಾಖೆಗೆ ಹೋಗಿ ಹುಡುಕಿಸಿ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜೆ ದಿನವೂ ನಡೆಯುತ್ತದೆ. ಖಾತೆಗೆ ಜಮಾ ಮಾಡಲಾಗದ ಹಣವನ್ನು ಆಯಾ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಕಳಿಸಿದ ಬ್ಯಾಂಕಿಗೆ ಹಿಂತಿರುಗಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ದೇಶದೊಳಗಿನ ವರ್ಗಾವಣೆ ಎರಡು ವಾರದಿಂದ ಬ್ಯಾಂಕುಗಳ ನಡುವೆ ಸಿಕ್ಕಿಕೊಂಡಿದೆ ಎಂಬ ಉತ್ತರವನ್ನು ನಂಬಬೇಡಿ. ಅದು ವಾಪಸಾಗಿ ಕಂಪನಿಯ ಖಾತೆಯಲ್ಲೇ ಕೂತಿರುವ ಸಾಧ್ಯತೆಯೇ ಹೆಚ್ಚು.

ವಾಪಸಾಗಲು ನಮ್ಮ ರಾಜ್ಯದಲ್ಲಿ ವಿಶೇಷ ಕಾರಣವೇ ಇದೆ. ಕರಾವಳಿಯಲ್ಲಿ ಹುಟ್ಟಿದ ಹಲವು ಬ್ಯಾಂಕುಗಳು ಒಂದೊಂದಾಗಿ ಹೆಸರು ಕಳೆದುಕೊಂಡವು: ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಖಾತೆ ಅದೇ, ಶಾಖೆ ಅದೇ, ಆದರೆ ಐಎಫ್‌ಎಸ್‌ಸಿ ಬದಲಾಗಿರಬಹುದು. ಆ್ಯಪ್‌ನಲ್ಲಿ ಹಳೆಯದೇ ಉಳಿದಿದ್ದರೆ ತಿದ್ದಿ, ತಿದ್ದಿದ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನೊಂದು ತೊಡಕು ಹೆಸರಿನದ್ದು. ಪಹಣಿ ತೀರಿಹೋದ ಅಪ್ಪನ ಹೆಸರಿನಲ್ಲಿ, ಹೋಂಸ್ಟೇ ನೋಂದಣಿ ಅಮ್ಮನ ಹೆಸರಿನಲ್ಲಿ, ಪ್ಯಾನ್ ಅಣ್ಣನದು, ಬ್ಯಾಂಕ್ ಖಾತೆ ತಮ್ಮನದು. ಪಾಲಾಗದ ಕಾಫಿ ತೋಟಗಳಲ್ಲಿ ಇದೇನೂ ಹೊಸದಲ್ಲ. ಕಂಪನಿಯ ದಾಖಲೆ ಪರಿಶೀಲನೆ ಮಾತ್ರ ಇದನ್ನು ಕಂಡು ಹಣ ತಡೆಹಿಡಿಯುತ್ತದೆ, ತಡೆದದ್ದರಲ್ಲಿ ಅದರ ತಪ್ಪೂ ಇಲ್ಲ. ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಉಳಿದವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೊಡಿಸಿದರೆ ಬಹುಪಾಲು ಮುಗಿಯುತ್ತದೆ.

ತಪ್ಪು ಬ್ಯಾಂಕಿನದ್ದೇ ಎಂದು ಖಚಿತವಾದರೆ ಶಾಖೆಗೆ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ಕನ್ನಡದಲ್ಲಿ ವಿಚಾರಿಸಲು 14448ಕ್ಕೆ ಕರೆ ಮಾಡಬಹುದು. ಆದರೆ ಬುಕಿಂಗ್ ಕಂಪನಿಯ ಮೇಲಿನ ದೂರನ್ನು ಓಂಬುಡ್ಸ್‌ಮನ್ ವಿಚಾರಿಸುವುದಿಲ್ಲ.

ಇನ್ನು ಕಂಪನಿಯೇ ಹಣ ಹಿಡಿದಿಟ್ಟಿದ್ದರೆ. ಇದು ದೊಡ್ಡ ಹೆಸರಿನವರಲ್ಲೂ ಆಗಿದೆ. 2023ರಲ್ಲಿ ಬುಕಿಂಗ್.ಕಾಮ್ ತನ್ನ ಪಾವತಿ ವ್ಯವಸ್ಥೆ ಬದಲಿಸುವ ಹೊತ್ತಿನಲ್ಲಿ ಹಲವು ದೇಶಗಳ ಮಾಲೀಕರಿಗೆ ಹಣ ತಿಂಗಳುಗಟ್ಟಲೆ ತಡವಾಯಿತು. ಕಂಪನಿ ತಾಂತ್ರಿಕ ತೊಂದರೆ ಎಂದಿತು, ಹಂಗೇರಿಯ ಸ್ಪರ್ಧಾ ಪ್ರಾಧಿಕಾರ ವಿಚಾರಣೆಗಿಳಿಯಿತು.

ಇಂಥ ಹೊತ್ತಿನಲ್ಲಿ ಮೊದಲ ಕೆಲಸ ಆ್ಯಪ್‌ನಿಂದ ಎಲ್ಲವನ್ನೂ ಇಳಿಸಿಕೊಳ್ಳುವುದು: ಬುಕಿಂಗ್ ಪಟ್ಟಿ, ಪಾವತಿ ವಿವರ, ಅತಿಥಿಗಳ ಸಂದೇಶ, ನೀವು ಒಪ್ಪಿದ ದಿನದ ಷರತ್ತುಗಳು. ಜಗಳ ಶುರುವಾದ ಮೇಲೆ ನಿಮ್ಮ ಲಾಗಿನ್ ಮುಚ್ಚಿಹೋದರೆ ಸಾಕ್ಷಿಯೂ ಒಳಗೇ ಉಳಿಯುತ್ತದೆ. ಮುಂದೆ ಕೋರ್ಟಿನಲ್ಲಿ ಇವನ್ನು ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ವಕೀಲರು ಮಾಡಿಸಿಕೊಡುತ್ತಾರೆ. ಅತಿಥಿಗಳು ಸಹಿ ಮಾಡಿದ ನಿಮ್ಮ ರಿಜಿಸ್ಟರ್ ಪುಸ್ತಕವನ್ನು ಮರೆಯಬೇಡಿ. ಅವರು ಬಂದು ಉಳಿದಿದ್ದರು ಎನ್ನಲು ಅದಕ್ಕಿಂತ ಸರಳ ದಾಖಲೆ ಇಲ್ಲ.

ಹಣ ಬಂದಿಲ್ಲವೆಂದು ವೋಚರ್ ಹಿಡಿದು ಬಂದ ಅತಿಥಿಯನ್ನು ಗೇಟಿನಲ್ಲಿ ನಿಲ್ಲಿಸಬಹುದೇ? ನನ್ನ ಅಭಿಪ್ರಾಯದಲ್ಲಿ ಕೂಡದು. ಅವರು ಹಣ ಕಟ್ಟಿ ಬಂದವರು. ಇನ್ನೊಮ್ಮೆ ಕಟ್ಟಿಸಿಕೊಂಡರೆ ನಾಳೆ ಗ್ರಾಹಕರ ಆಯೋಗದಲ್ಲಿ ಕಂಪನಿಯ ಜೊತೆ ನಿಮ್ಮ ಹೆಸರೂ ಎದುರುದಾರರ ಪಟ್ಟಿಯಲ್ಲಿರುತ್ತದೆ. ಮುಂದಿನ ದಿನಾಂಕಗಳ ಕ್ಯಾಲೆಂಡರ್ ಮುಚ್ಚಿ, ಹೊಸ ಬುಕಿಂಗ್ ನಿಲ್ಲಿಸಿ. ನಷ್ಟ ಅಲ್ಲಿಗೇ ನಿಲ್ಲುತ್ತದೆ.

ಚಾಟ್‌ಬಾಟ್ ಜೊತೆ ವಾದಿಸಿ ದಿನ ಕಳೆಯಬೇಡಿ, ಅದಕ್ಕೆ ನೋಟಿಸ್ ಜಾರಿ ಮಾಡಲಾಗದು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಕಂಪನಿ ಕುಂದುಕೊರತೆ ಅಧಿಕಾರಿಯ ಹೆಸರು, ಇ-ಮೇಲ್ ವಿಳಾಸ ಪ್ರಕಟಿಸಿರಬೇಕು. ಆ ಇ-ಮೇಲ್‌ಗೆ ಬರೆಯಿರಿ. ಉತ್ತರ ಬಾರದಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಗುವ ನೋಂದಾಯಿತ ಕಚೇರಿಯ ವಿಳಾಸಕ್ಕೆ ಅಂಚೆಯಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ, ನೋಟಿಸ್ ಕಳಿಸಿ. ನೋಟಿಸಿನಲ್ಲಿ ಒಂದು ಸಾಲು ತಪ್ಪದೆ ಇರಲಿ: ಇಂಥ ದಿನದಿಂದ ಬಡ್ಡಿಯನ್ನೂ ಕೇಳುತ್ತೇನೆ. 1978ರ ಬಡ್ಡಿ ಕಾಯ್ದೆಯ 3ನೇ ಸೆಕ್ಷನ್ ಅಡಿ, ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದರೂ, ಹಾಗೆ ಲಿಖಿತವಾಗಿ ತಿಳಿಸಿದ ದಿನಾಂಕದಿಂದ ಬಡ್ಡಿ ಕೊಡಿಸುವ ಅಧಿಕಾರ ಕೋರ್ಟಿಗಿದೆ.

ಉತ್ತರವಾಗಿ ಕಂಪನಿ ಷರತ್ತುಗಳ ಕಟ್ಟನ್ನು ಮುಂದಿಡುತ್ತದೆ. 60 ದಿನದಲ್ಲಿ ತಕರಾರು ಎತ್ತದಿದ್ದರೆ ಹಕ್ಕು ಹೋಯಿತು ಎಂಬಂಥ ಸಾಲು ಕಂಡು ಹೆದರಬೇಕಿಲ್ಲ. ಹಕ್ಕು ಚಲಾಯಿಸುವ ಅವಧಿಯನ್ನು ಹೀಗೆ ಮೊಟಕು ಮಾಡುವ ಷರತ್ತು ಕರಾರು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಕಾಲಮಿತಿ ಕಾಯ್ದೆ ಕೊಡುವುದು 3 ವರ್ಷ. ಯಾವ ದಿನದಿಂದ ಎಣಿಸಬೇಕೆಂಬ ವಾದ ಬೇಡವೆಂದರೆ ಪ್ರತಿ ಬುಕಿಂಗಿನ ಹಣ ಬರಬೇಕಿದ್ದ ದಿನದಿಂದಲೇ ಎಣಿಸಿಕೊಳ್ಳಿ. ಆದರೆ ವ್ಯಾಜ್ಯ ಗುರುಗ್ರಾಮದಲ್ಲೇ ನಡೆಯಬೇಕು, ಮಧ್ಯಸ್ಥಿಕೆಗೇ ಹೋಗಬೇಕು ಎಂಬ ಷರತ್ತುಗಳಿಗೆ ಕೋರ್ಟುಗಳು ಸಾಮಾನ್ಯವಾಗಿ ಬೆಲೆ ಕೊಡುತ್ತವೆ. ಮಧ್ಯಸ್ಥಗಾರನನ್ನು ಕಂಪನಿ ತಾನೊಬ್ಬನೇ ನೇಮಿಸಿದರೆ ಮಾತ್ರ ಒಪ್ಪಬೇಕಿಲ್ಲ. ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಮತ್ತು 2024ರ ಸಂವಿಧಾನ ಪೀಠದ ತೀರ್ಪು ನಿಮ್ಮ ಕಡೆ ಇವೆ.

ದೂರದ ಊರಿನ ಈ ತೊಂದರೆಗೆ ಒಂದು ಮದ್ದು ಉದ್ಯಮ್ ನೋಂದಣಿ. ಅದು ಉಚಿತ, ಹೋಂಸ್ಟೇಗೂ ಸಿಗುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು, ಸಣ್ಣ ಉದ್ಯಮದಿಂದ ಸೇವೆ ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳುವುದು ನಿಮ್ಮದೇ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್, ಎದುರುದಾರ ಎಲ್ಲಿಯವನೇ ಇರಲಿ. ಕರಾರಿನಲ್ಲಿ ಬೇರೆ ಮಧ್ಯಸ್ಥಿಕೆ ಷರತ್ತಿದ್ದರೂ ಈ ಕಾಯ್ದೆಯೇ ಮೇಲು ಎಂದು 2022ರಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಎಚ್ಚರಿಕೆ ಬೇಕು. ಕರಾರಿಗೆ ಮೊದಲೇ ನೋಂದಣಿ ಆಗಿರುವುದು ಕ್ಷೇಮ, ಹಣ ನಿಂತ ಮೇಲೆ ಓಡಿದರೆ ತಕರಾರು ಬರುತ್ತದೆ. ಮತ್ತೆ, ಕೋಣೆಗಳನ್ನು ತಾನೇ ಸಗಟಾಗಿ ತೆಗೆದುಕೊಂಡು ತಿಂಗಳಿಗೆ ಇಷ್ಟೆಂದು ಖಾತ್ರಿ ಕೊಟ್ಟ ಕಂಪನಿ ನಿಸ್ಸಂದೇಹವಾಗಿ ಖರೀದಿದಾರ. ಬರೀ ಬುಕಿಂಗ್ ಮಾಡಿಸಿದ ಕಂಪನಿ ತಾನು ಖರೀದಿದಾರನೇ ಅಲ್ಲ ಎಂದು ವಾದಿಸುತ್ತದೆ, ಆ ವಾದದಲ್ಲಿ ಹುರುಳಿಲ್ಲದಿಲ್ಲ.

ಗ್ರಾಹಕರ ಆಯೋಗದ ಮೇಲೆ ಹೆಚ್ಚು ಭರವಸೆ ಇಡಬೇಡಿ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬುದೇ ಕಂಪನಿಯ ಮೊದಲ ಆಕ್ಷೇಪಣೆಯಾಗುತ್ತದೆ. ಹೊಟ್ಟೆಪಾಡಿನ ಸ್ವಂತ ಉದ್ಯೋಗಕ್ಕಿರುವ ವಿನಾಯಿತಿ 1986ರ ಕಾಯ್ದೆಯಲ್ಲಿ ಸರಕು, ಸೇವೆ ಎರಡಕ್ಕೂ ಇತ್ತು. 2019ರ ಕಾಯ್ದೆಯ ವಿವರಣೆಯಲ್ಲಿ ಸರಕು ಮಾತ್ರ ಉಳಿದಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಖರ್ಚಿಲ್ಲ, ಕೆಲವೊಮ್ಮೆ ಆ ಕರೆಯಿಂದಲೇ ಕೆಲಸ ಆಗುವುದುಂಟು. ಅಷ್ಟಕ್ಕೆ ಬಳಸಿಕೊಳ್ಳಿ.

ಸಣ್ಣ ಮೊತ್ತಕ್ಕೆ ನಾನು ಹೇಳುವುದು ತಾಲ್ಲೂಕು ಕಾನೂನು ಸೇವಾ ಸಮಿತಿ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಎದುರು ಪಕ್ಷವನ್ನು ಕರೆಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅಪೀಲಿಲ್ಲ. ಕಂಪನಿ ಒಪ್ಪದಿದ್ದರೆ ಮಾತ್ರ ಏನೂ ಆಗದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಬಾಕಿ 3 ಲಕ್ಷ ಅಥವಾ ಮೇಲ್ಪಟ್ಟಿದ್ದು ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಆದೇಶ ಬೇಕಿಲ್ಲದ ಪ್ರಕರಣಗಳಲ್ಲಿ, ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮುಂದೆ ಸಂಧಾನಕ್ಕೆ ಹೋಗುವುದು ಕಡ್ಡಾಯ.

ಪೊಲೀಸ್ ಠಾಣೆ ನೆನಪಾಗಬೇಕಾದದ್ದು ಬೇರೊಂದು ಸಂದರ್ಭದಲ್ಲಿ. ಕಂಪನಿಯ ಹೆಸರಿನ ಮೇಲ್‌ನಲ್ಲಿದ್ದ ಲಿಂಕ್ ಒತ್ತಿದ ಮೇಲೆ ನಿಮ್ಮ ಆ್ಯಪ್‌ನಲ್ಲಿ ಯಾರದೋ ಖಾತೆ ಸಂಖ್ಯೆ ಕೂತಿದ್ದರೆ, ಹಣ ನಿಜವಾಗಿಯೂ ಹೋಗಿದೆ, ನಿಮಗಲ್ಲ. ಆಗ ಪತ್ರ ಬರೆಯುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಿರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಕಂಪನಿಯೇ ದಿವಾಳಿಯ ಹಾದಿ ಹಿಡಿದರೆ ರೆಸಲ್ಯೂಷನ್ ಪ್ರೊಫೆಷನಲ್ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಬಾಕಿದಾರರಿಂದ ಕ್ಲೇಮ್ ಕರೆಯುತ್ತಾರೆ. ನೀವಾಗಿ ಆ ಪ್ರಕ್ರಿಯೆ ಶುರುಮಾಡಿಸಲು ಬಾಕಿ 1 ಕೋಟಿ ಇರಬೇಕು, ಆದರೆ ಶುರುವಾದದ್ದರಲ್ಲಿ ಹತ್ತು ಸಾವಿರಕ್ಕೂ ಕ್ಲೇಮ್ ಹಾಕಬಹುದು. ಫಾರ್ಮ್ ಬಿ ತುಂಬಿ, ಇಳಿಸಿಟ್ಟುಕೊಂಡ ಬುಕಿಂಗ್ ಪಟ್ಟಿ ಮತ್ತು ಪಾಸ್‌ಬುಕ್ ಪ್ರತಿ ಲಗತ್ತಿಸಿ, ಪ್ರಕಟಣೆಯಲ್ಲಿ ಕೊಟ್ಟ ದಿನಾಂಕದೊಳಗೆ ಕಳಿಸಿ.